ಎರಡು ಮೊಟ್ಟೆಗಳ ಪ್ರಭಾರ

ಸರ್ಕಾರಿ ಕಚೇರಿಯ ಗೋಡೆಯ ಮೇಲೆ ವಾಸಿಸುವ ಹಲ್ಲಿಯು ಸರ್ಕಾರಿ ನೌಕರನಲ್ಲ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಈ ನಂಬಿಕೆಗೆ ಆಧಾರವಿಲ್ಲ. ಸೇವಾ ನಿಯಮಾವಳಿಯಲ್ಲಿ ಹಲ್ಲಿಯ ಪ್ರಸ್ತಾಪವೇ ಇಲ್ಲ. ಅದು ನೌಕರನೆಂದು ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ತಿರುಮಕೂಡಲು ನರಸೀಪುರದ ಕಾಮಗಾರಿ ಪೂರ್ಣತಾ ದೃಢೀಕರಣ ಕಚೇರಿಯಲ್ಲಿ ತೊಂಬತ್ತರ ದಶಕದ ಕೊನೆಗೆ ನಡೆದ ಸಂಗತಿಗಳೆಲ್ಲವೂ ನಿಯಮಾವಳಿಯ ಈ ಮೌನಕ್ಕೆ ಒಳಪಟ್ಟು, ಕ್ರಮಬದ್ಧವಾಗಿಯೇ ನಡೆದವು.

ಈ ಕಚೇರಿಯ ಕೆಲಸ ಒಂದೇ. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳಲ್ಲಿ ಸರ್ಕಾರದ ಹಣದಿಂದ ಕಟ್ಟಿದ ಮೋರಿ, ತಂಗುದಾಣ, ಸಮುದಾಯ ಭವನ ಮೊದಲಾದವು ಪೂರ್ಣಗೊಂಡಿವೆಯೇ ಎಂದು ಹೋಗಿ ನೋಡಿ, ಪೂರ್ಣಗೊಂಡಿದ್ದರೆ ಸೀಲು ಹಾಕುವುದು. ಸೀಲು ಬೀಳದೆ ಗುತ್ತಿಗೆದಾರನ ಬಿಲ್ಲು ಪಾಸಾಗುತ್ತಿರಲಿಲ್ಲ. ಹೋಗಿ ನೋಡಲು ಒಂದು ಜೀಪು ಇತ್ತು. ಅದಕ್ಕೆ ಮೂರು ಚಕ್ರಗಳಿದ್ದವು. ನಾಲ್ಕನೆಯದು ದುರಸ್ತಿಗೆಂದು ಮೈಸೂರಿಗೆ ಹೋದದ್ದು, ಅದನ್ನು ಕೊಂಡೊಯ್ದ ಚಾಲಕ ನಿವೃತ್ತನಾದರೂ ಮರಳಿರಲಿಲ್ಲ. ಆದ್ದರಿಂದ ಹೋಗುವ ಭಾಗವನ್ನು ಕೈಬಿಟ್ಟು, ನೋಡುವ ಭಾಗವನ್ನು ಮಾತ್ರ ಕಚೇರಿಯೊಳಗೇ ನೆರವೇರಿಸಲಾಗುತ್ತಿತ್ತು.

ಅದರ ವಿಧಾನ ಸರಳವಾಗಿತ್ತು. ಅಧಿಕಾರಿ ಪುಟ್ಟಬಸವಯ್ಯನವರು ಗುತ್ತಿಗೆದಾರನನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಿದ್ದರು. ಸೋಸಲೆಯ ಬಸ್ ತಂಗುದಾಣದ ಸ್ಥಳಪರಿಶೀಲನೆ ನಡೆದದ್ದು ಹೀಗೆ:

“ಏನ್ರೀ ಮಾದಪ್ಪ, ಪೂರ್ತಿ ಆಯ್ತೇನ್ರೀ?”

“ಆಗದೆ ಸಾ. ಕಲ್ ಬೆಂಚು, ಗಿಲಾವು, ಸುಣ್ಣ, ಎಲ್ಲಾನೂವೆ.”

“ಚಾವಣಿ?”

“ಅದೂ ಆಕಿವ್ನಿ ಸಾ. ಮಳೆ ಬಂದ್ರೂ ಒಂದ್ ತೊಟ್ ನೀರು ಒಳಕ್ ಬರಾಕಿಲ್ಲ.”

ಪುಟ್ಟಬಸವಯ್ಯನವರು ಸೀಲನ್ನು ಶಾಯಿಪ್ಯಾಡಿನ ಮೇಲೆ ಗಟ್ಟಿಯಾಗಿ ಕುಟ್ಟಿದರು. ಕುಟ್ಟುವುದು ಅವರ ಅಭ್ಯಾಸ. ಕುಟ್ಟಿದ ಮರುಕ್ಷಣ ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ಅಧಿಕಾರಿ, ಗುತ್ತಿಗೆದಾರ, ಜವಾನ ದೇವಯ್ಯ ಮೂವರೂ ಬೆರಳ ಗೆಣ್ಣಿನಿಂದ ಮೇಜನ್ನು ತಟ್ಟಿ “ಶಿವ ಶಿವ” ಎಂದರು. ಕಾಗದದ ಮೇಲೆ ಸೀಲು ಬಿತ್ತು.

ಆಡಿದ ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ನಿಜ ಎಂಬುದು ಈ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ನಡೆದುಬಂದ ತೀರ್ಮಾನ. ಮನೆಯಲ್ಲಿ ನಡೆಯುವುದು ಕಚೇರಿಯಲ್ಲಿ ನಡೆಯಬಾರದೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಸೀಲು ಕುಟ್ಟುವುದಕ್ಕೂ ಹಲ್ಲಿ ನುಡಿಯುವುದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳುವ ಹುದ್ದೆಯು ಆ ಕಚೇರಿಗೆ ಮಂಜೂರಾಗಿರಲಿಲ್ಲ.

ಒಮ್ಮೆ ಹಲ್ಲಿಯು ಪುಟ್ಟಬಸವಯ್ಯನವರ ಹೆಗಲ ಮೇಲೆ ಬಿತ್ತು. ಪಂಚಾಂಗ ನೋಡಲಾಯಿತು. ಫಲ ಚೆನ್ನಾಗಿರಲಿಲ್ಲ. ಅವರು ಕುಟುಂಬಸಮೇತ ಕಂಚಿಗೆ ಹೋಗಿ, ದೇವಸ್ಥಾನದ ಬಂಗಾರದ ಹಲ್ಲಿಯನ್ನು ಮುಟ್ಟಿ ದೋಷ ಕಳೆದುಕೊಂಡು ಬಂದು, ಪ್ರಯಾಣಭತ್ಯೆ ಪಡೆದರು. ಲೆಕ್ಕಪರಿಶೋಧಕರು ಆಕ್ಷೇಪಿಸಿದರು. “ಇದು ಕಚೇರಿ ಕೆಲಸವೇ?” ಎಂದು ಕೇಳಿದರು. “ಕಚೇರಿ ಕೆಲಸವೇ” ಎಂದು ಹೇಳಿ ಪುಟ್ಟಬಸವಯ್ಯನವರು ಸೀಲು ಕುಟ್ಟಿದರು. ಹಲ್ಲಿ ನುಡಿಯಿತು. ಪರಿಶೋಧಕರೂ ಮೇಜು ತಟ್ಟಿದರು. ಅವರೂ ಒಂದು ಮನೆಯಿಂದ ಬಂದವರೇ.

ಈ ಕಚೇರಿಯಲ್ಲಿದ್ದ ಏಕೈಕ ಮಹಿಳಾ ನೌಕರರು ಶಿವರಂಜನಿ. ದ್ವಿತೀಯ ದರ್ಜೆ ಸಹಾಯಕಿ. ಮನೆ ನಂಜನಗೂಡಿನಲ್ಲಿ. ಪತಿ ಅಮೃತೇಶ್ ಅಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದರು. ಅತ್ತೆ ಸಿದ್ದಲಿಂಗಮ್ಮನವರೂ ಮೂರು ವರ್ಷದ ಮಗಳು ಗಾನವಿಯೂ ಮನೆಯಲ್ಲಿರುತ್ತಿದ್ದರು. ಶಿವರಂಜನಿ ಮಗು ಏಳುವ ಮೊದಲು ಬಸ್ಸು ಹತ್ತುತ್ತಿದ್ದರು. ಮಗು ಮಲಗಿದ ಮೇಲೆ ಬಸ್ಸು ಇಳಿಯುತ್ತಿದ್ದರು. ಭಾನುವಾರಗಳಂದು ಮಗು ಅವರನ್ನು ಬಹಳ ಮರ್ಯಾದೆಯಿಂದ ನೋಡುತ್ತಿತ್ತು. ಅದು ಅಜ್ಜಿಯನ್ನು ‘ಅಮ್ಮ’ ಎಂದೂ ತಾಯಿಯನ್ನು ‘ಬಸ್ ಆಂಟಿ’ ಎಂದೂ ಕರೆಯುತ್ತಿತ್ತು. ಮಗುವನ್ನು ದೂರುವಂತಿಲ್ಲ. ಲಭ್ಯವಿದ್ದ ಮಾಹಿತಿಯಿಂದ ಅದು ತೆಗೆದ ತೀರ್ಮಾನ ಸರಿಯಾಗಿಯೇ ಇತ್ತು.

ಶಿವರಂಜನಿಯವರು ನಂಜನಗೂಡಿಗೆ ವರ್ಗ ಕೋರಿ ಅರ್ಜಿ ಸಲ್ಲಿಸುತ್ತಲೇ ಇದ್ದರು. ೧೯೯೭ರ ಜೂನ್ ತಿಂಗಳಲ್ಲಿ ಆದೇಶ ಬಂತು. ಇನ್ನು ಪ್ರಭಾರ ಒಪ್ಪಿಸಿ, ಬಿಡುಗಡೆ ಪಡೆಯುವುದೊಂದೇ ಬಾಕಿ. ತಮ್ಮ ಸುಪರ್ದಿನಲ್ಲಿದ್ದ ಬೀರು, ಕುರ್ಚಿ, ಸೈಕ್ಲೋಸ್ಟೈಲ್ ಯಂತ್ರ, ಇಲ್ಲದ ಚಕ್ರ ಎಲ್ಲವನ್ನೂ ಅವರು ಒಪ್ಪಿಸಿ ಮುಗಿಸಿದರು. ಮಗುವಿಗೆಂದು ಒಂದು ಜೊತೆ ಗೆಜ್ಜೆ ಕೊಂಡು ಚೀಲದಲ್ಲಿಟ್ಟುಕೊಂಡಿದ್ದರು. ಅಂದು ಮಧ್ಯಾಹ್ನ ಜೋರು ಮಳೆ ಬಂತು. ದೇವಯ್ಯ ಓಡಿ ಹೋಗಿ ಕಿಟಕಿ ಮುಚ್ಚಿದ. ಹಲ್ಲಿ ಕಿಟಕಿಯ ಬಾಗಿಲ ಸಂದಿನಲ್ಲಿತ್ತು.

ಕರ್ತವ್ಯದಲ್ಲಿರುವಾಗಲೇ ಮರಣ ಸಂಭವಿಸಿದ್ದರಿಂದ ಎದ್ದುನಿಂತು ಮೌನ ಆಚರಿಸಲಾಯಿತು. ಮೌನ ಮುಗಿದ ಮೇಲೂ ಗೋಡೆಯಿಂದ ಯಾವ ಸದ್ದೂ ಬರಲಿಲ್ಲ. ಆಗ ಪರಿಸ್ಥಿತಿಯ ಗಾಂಭೀರ್ಯ ಎಲ್ಲರಿಗೂ ಅರ್ಥವಾಯಿತು.

“ಸಾ, ಇಂಗಾದ್ರೆ ನನ್ ಬಿಲ್ಲುಗಳ ಗತಿ ಏನು?” ಎಂದು ಮಾದಪ್ಪ ಕೇಳಿದ. “ಸುಮಾರ್ ಕೆಲ್ಸ ಪೂರ್ತಿ ಆಗವೆ.”

“ಊರಲ್ಲಿ ಬೇರೆ ಹಲ್ಲಿ ಇಲ್ವೇನೋ ದೇವಯ್ಯ?”

“ಬೇಕಾದಷ್ಟವೆ ಸಾ. ಆದ್ರೆ ಅವೆಲ್ಲಾ ಖಾಸಗಿಯವು.”

ಗೋಡೆಯನ್ನು ಶುಚಿಗೊಳಿಸಲು, ಅಲ್ಲಿ ಸೇವೆ ಸಲ್ಲಿಸಿದ ಅಧಿಕಾರಿಗಳ ಹೆಸರು ಬರೆದಿದ್ದ ಮರದ ಹಲಗೆಯನ್ನು ದೇವಯ್ಯ ಕೆಳಗಿಳಿಸಿದ. ಹಲಗೆಯ ಹಿಂದೆ ಎರಡು ಮೊಟ್ಟೆಗಳು ದೊರೆತವು. ಬಿಳಿಯವು, ಬಟಾಣಿ ಕಾಳಿನಷ್ಟು ದೊಡ್ಡವು.

ಪುಟ್ಟಬಸವಯ್ಯನವರು ಮೊಟ್ಟೆಗಳನ್ನು ಬಹಳ ಹೊತ್ತು ನೋಡಿದರು. ಅವರ ತಂದೆ ಇದೇ ಇಲಾಖೆಯಲ್ಲಿದ್ದು ಸೇವಾವಧಿಯಲ್ಲಿಯೇ ತೀರಿಕೊಂಡವರು. ಮಗನಿಗೆ ಕೆಲಸ ದೊರೆತದ್ದು ಅನುಕಂಪದ ಆಧಾರದ ಮೇಲೆ. ಅವರ ಕಣ್ಣು ತೇವವಾಯಿತು.

“ದಿಕ್ಕಿಲ್ಲದ ಮಕ್ಕಳು ಕಣ್ರೀ,” ಎಂದರು. “ಇಲಾಖೆ ಕೈಬಿಡಬಾರದು.”

ಹೀಗೆ ಮೃತ ಹಲ್ಲಿಯ ಅವಲಂಬಿತರಿಗೆ ಅನುಕಂಪದ ನೇಮಕಾತಿಯ ಪ್ರಕ್ರಿಯೆ ಆರಂಭವಾಯಿತು. ತೊಡಕುಗಳು ಇದ್ದವು, ನಿವಾರಣೆಯಾದವು. ವಯೋಮಿತಿಯನ್ನು ಸಡಿಲಿಸಲಾಯಿತು. ವಿದ್ಯಾರ್ಹತೆಯನ್ನು ಮುಂದೆ ಪಡೆಯತಕ್ಕದ್ದೆಂದು ಷರತ್ತು ವಿಧಿಸಲಾಯಿತು. ವಾರಸುದಾರ ಪ್ರಮಾಣಪತ್ರವನ್ನು ಮಾದಪ್ಪನೇ ಓಡಾಡಿ ತಂದುಕೊಟ್ಟ. ಅದರಲ್ಲಿ ತಂದೆಯ ಹೆಸರಿನ ಮುಂದೆ ‘ಊರು ಬಿಟ್ಟಿರುತ್ತಾರೆ’ ಎಂದಿತ್ತು. ಜನನ ಪ್ರಮಾಣಪತ್ರ ಮಾತ್ರ ಜನನವಾಗದೆ ಸಿಗುವುದಿಲ್ಲ ಎಂದು ಪಟ್ಟಣ ಪಂಚಾಯಿತಿಯವರು ಹಟ ಹಿಡಿದರು. ಅಂತಹ ಹಟಮಾರಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಆದುದರಿಂದ ಈ ಕೆಳಕಂಡ ಸುತ್ತೋಲೆ ಹೊರಟಿತು:

“ಸದರಿ ಮೊಟ್ಟೆಗಳು ಸರ್ಕಾರಿ ಹಲಗೆಯ ಹಿಂದೆ ದೊರೆತಿರುವುದರಿಂದ ಸರ್ಕಾರಿ ಸ್ವತ್ತಾಗಿರುತ್ತವೆ. ಒಡೆಯುವವರೆಗೆ ಅವುಗಳನ್ನು ದಾಸ್ತಾನು ಎಂದೂ, ಒಡೆದ ಕ್ಷಣದಿಂದ ಸಿಬ್ಬಂದಿ ಎಂದೂ ಪರಿಗಣಿಸತಕ್ಕದ್ದು. ಕಚೇರಿಯು ರಾತ್ರಿ ಹಾಗೂ ರಜಾದಿನಗಳಲ್ಲಿ ಮುಚ್ಚಿರುವುದರಿಂದ ಮೊಟ್ಟೆಗಳನ್ನು ಒಬ್ಬ ನೌಕರರ ಮನೆಯಲ್ಲಿ ಬೆಚ್ಚಗಿಟ್ಟು ಮರಿ ಮಾಡಿಸತಕ್ಕದ್ದು. ಮಹಿಳೆಯರಿಗೆ ಈ ಬಗ್ಗೆ ಸಹಜ ಅನುಭವ ಇರುವುದರಿಂದ ಶ್ರೀಮತಿ ಶಿವರಂಜನಿಯವರನ್ನು ನಿಯೋಜಿಸಿದೆ. ಮರಿಗಳು ರಜಾದಿನಗಳಲ್ಲಿ ಹೊರಬರತಕ್ಕದ್ದಲ್ಲ.”

ಶಿವರಂಜನಿ ಸುತ್ತೋಲೆಯನ್ನು ಎರಡು ಬಾರಿ ಓದಿದರು.

“ಸರ್, ಇವತ್ತು ನನ್ನ ಬಿಡುಗಡೆ ಆದೇಶಕ್ಕೆ ಸಹಿ ಹಾಕ್ತೀನಿ ಅಂದಿದ್ರಿ.”

“ಹಾಕ್ತೀನಿ ತಾಯಿ. ಈಗ ನಿಮ್ಮ ಪ್ರಭಾರದಲ್ಲಿ ಎರಡು ಐಟಂ ಹೊಸದಾಗಿ ಸೇರಿದೆಯಲ್ಲ. ಅವನ್ನು ಜೀವಸಹಿತ ಒಪ್ಪಿಸಿಬಿಡಿ. ಅವತ್ತೇ ಸಹಿ.”

“ನನ್ನ ಮಗು ನನ್ನನ್ನ ಆಂಟಿ ಅನ್ನುತ್ತೆ ಸರ್.”

“ಒಳ್ಳೇದೇ ಅಲ್ವೇ. ಮರ್ಯಾದೆ ಕಲ್ತಿದೆ.”

ಮೊಟ್ಟೆಗಳು ಅಂದು ಸಂಜೆಯ ಬಸ್ಸಿನಲ್ಲಿ, ಬೆಂಕಿಪೊಟ್ಟಣದೊಳಗೆ ಹತ್ತಿಯ ಮೇಲೆ, ಗೆಜ್ಜೆಯ ಪಕ್ಕದಲ್ಲಿ ನಂಜನಗೂಡಿಗೆ ಪ್ರಯಾಣ ಮಾಡಿದವು.

ಸಿದ್ದಲಿಂಗಮ್ಮನವರು ಸೋಸಲೆಯಲ್ಲಿ ಹುಟ್ಟಿ ನಂಜನಗೂಡಿಗೆ ಸೊಸೆಯಾಗಿ ಬಂದವರು. ವಿಭೂತಿ ಧರಿಸದೆ ನೀರು ಮುಟ್ಟುತ್ತಿರಲಿಲ್ಲ. ಬೆಂಕಿಪೊಟ್ಟಣದೊಳಗೆ ಇಣುಕಿ ನೋಡಿದರು.

“ಅಲ್ಲ ಕಣವ್ವ, ಎಲ್ಲಾರ ಮನೆ ಸೊಸೇರು ಆಫೀಸಿಂದ ಸಂಬಳ ತತ್ತಾರೆ, ಹಬ್ಬಕ್ಕೆ ಅಡ್ವಾನ್ಸ್ ತತ್ತಾರೆ. ನೀನು ಹಲ್ಲಿ ಮೊಟ್ಟೆ ತಂದಿದ್ದೀಯಲ್ಲ. ಇದು ಲಿಂಗ ಕಟ್ಟಿದವರ ಮನೆ. ಕೋಳಿ ಮೊಟ್ಟೆನೇ ಹೊಸಿಲು ದಾಟಿಲ್ಲ.”

“ತಿನ್ನೋದಕ್ಕಲ್ಲ ಅತ್ತೆ. ಮರಿ ಮಾಡಿಸೋದಕ್ಕೆ.”

“ಅದಿನ್ನೂ ಚೆಂದ.”

“ಇವು ಮರಿ ಆದ್ರೆ ನಂಗೆ ಇಲ್ಲಿಗೆ ವರ್ಗ ಆಗುತ್ತೆ.”

ಸಿದ್ದಲಿಂಗಮ್ಮನವರು ಮಲಗಿದ್ದ ಮಗುವಿನ ಕಡೆ ನೋಡಿದರು. ಅನಂತರ ಕಾಫಿಪುಡಿಯ ಹಳೆಯ ಡಬ್ಬಿಯೊಂದನ್ನು ತಂದು ಸೊಸೆಯ ಮುಂದೆ ಕುಕ್ಕಿದರು. “ದೇವರ ಮನೆ ಕಡೆಗೆ ಮಾತ್ರ ಇಡಬ್ಯಾಡ.”

ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯಲಾಯಿತು. ಕಪಿಲೆಯ ಮರಳನ್ನು ಜರಡಿ ಹಿಡಿದು, ತುಸುವೇ ತೇವ ಮಾಡಿ, ಡಬ್ಬಿಯಲ್ಲಿ ಹರಡಿ, ಮೊಟ್ಟೆಗಳನ್ನು ಅರ್ಧ ಹೂತು ಇಡಲಾಯಿತು. ಬಲ್ಬಿನ ಕಾವು ಕೊಡೋಣವೆಂದರೆ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚಾಗಿತ್ತು. ಕೊನೆಗೆ ಡಬ್ಬಿಯನ್ನು ಬಚ್ಚಲುಮನೆಯಲ್ಲಿ, ಹಂಡೆಯ ಒಲೆಯ ಮೇಲಿನ ಗೂಡಿನಲ್ಲಿ ಇಡಲಾಯಿತು. ಸಿದ್ದಲಿಂಗಮ್ಮನವರು ಬೆಳಗಾಗುವ ಮೊದಲೇ ಸೋಗೆ ಉರಿಸಿ ನೀರು ಕಾಯಿಸುವವರು. ಗೋಡೆ ಇಡೀ ದಿನ ಬೆಚ್ಚಗಿರುತ್ತಿತ್ತು.

ಕಚೇರಿಯು ತನ್ನ ಕಡೆಯಿಂದ ತಾಂತ್ರಿಕ ನೆರವನ್ನೂ ಒದಗಿಸಿತು. ಸಂಬಂಧಪಟ್ಟವರನ್ನು ಪತ್ರಮುಖೇನ ಕೇಳಲಾಗಿ, ಹಲ್ಲಿಯ ಮೊಟ್ಟೆಯ ಬಗ್ಗೆ ಸೂಚನೆಗಳು ಲಭ್ಯವಿಲ್ಲವೆಂದೂ, ಕೋಳಿಯ ಮೊಟ್ಟೆಯ ಸೂಚನೆಗಳನ್ನೇ ಅಗತ್ಯ ಮಾರ್ಪಾಡುಗಳೊಂದಿಗೆ ಪಾಲಿಸಬಹುದೆಂದೂ ಉತ್ತರ ಬಂತು. ಅದರಂತೆ ಮೊಟ್ಟೆಗಳನ್ನು ಪ್ರತಿದಿನ ಮಗ್ಗುಲು ಹೊರಳಿಸಬೇಕಿತ್ತು.

“ಹಲ್ಲಿ ಇಟ್ಬುಟ್ಟು ಹೋಯ್ತದೆ,” ಎಂದರು ಸಿದ್ದಲಿಂಗಮ್ಮ. “ತಿರುಗಿ ಬಂದು ಹೊಳ್ಳಿಸ್ತಾ ಕೂರಕ್ಕೆ ಅದಕ್ಕೇನು ಬ್ಯಾರೆ ಕ್ಯಾಮೆ ಇಲ್ವಾ? ಸುಮ್ಕೆ ಬುಡು.”

ಶಿವರಂಜನಿ ‘ಹೊರಳಿಸಲಾಗಿದೆ’ ಎಂದು ಪ್ರತಿದಿನ ವರದಿ ಕಳುಹಿಸಿದರು, ಹೊರಳಿಸಲಿಲ್ಲ. ಆ ಕಚೇರಿಯಲ್ಲಿ ಅಷ್ಟು ವರ್ಷ ದುಡಿದವರಿಗೆ ಇದು ಕಷ್ಟದ ಕೆಲಸವಾಗಿರಲಿಲ್ಲ. ಮೊಟ್ಟೆಗಳು ಕ್ಷೇಮವಾಗಿದ್ದವು. ಹಲ್ಲಿಯ ಮೊಟ್ಟೆಯನ್ನು ಇಟ್ಟ ಮೇಲೆ ಬುಡಮೇಲು ಮಾಡಿದರೆ ಒಳಗಿನ ಜೀವ ಉಳಿಯುವುದಿಲ್ಲ ಎಂಬುದು ಯಾರ ಪತ್ರದಲ್ಲಿಯೂ ಇರಲಿಲ್ಲ.

ಒಂದು ಸೋಮವಾರ ಪುಟ್ಟಬಸವಯ್ಯನವರು ನಂಜುಂಡೇಶ್ವರನ ದರ್ಶನಕ್ಕೆಂದು ಬಂದವರು, ಹಾಗೆಯೇ ಪರಿಶೀಲನೆಯನ್ನೂ ಮುಗಿಸಿಬಿಡೋಣವೆಂದು ಮನೆಗೆ ಬಂದರು. ಬಚ್ಚಲುಮನೆಗೆ ಹೋಗಿ ಡಬ್ಬಿ ತೆರೆದರು. ಒಂದು ಮೊಟ್ಟೆಯನ್ನು ಎತ್ತಿಕೊಂಡು, ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರಂತೆ ಕಿವಿಯ ಬಳಿ ಹಿಡಿದು ಚೆನ್ನಾಗಿ ಅಲ್ಲಾಡಿಸಿದರು.

“ಒಳಗಿದೆ,” ಎಂದು ಹೇಳಿ, ಬುಡಮೇಲಾಗಿ ಇಟ್ಟರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸಿದ್ದಲಿಂಗಮ್ಮನವರು ಕಾಫಿ ತಂದರು.

ಆ ಕಚೇರಿಯ ಇತಿಹಾಸದಲ್ಲಿ ಒಂದು ವಸ್ತುವನ್ನು ಸ್ಥಳಕ್ಕೆ ಹೋಗಿ, ಕೈಯಿಂದ ಮುಟ್ಟಿ ಪರಿಶೀಲಿಸಿದ್ದು ಅದೇ ಮೊದಲು. ಆ ಮೊಟ್ಟೆ ಕೊನೆಯವರೆಗೂ ಒಡೆಯಲಿಲ್ಲ. ಅದನ್ನು ‘ಪೂರ್ಣಗೊಂಡಿದೆ, ಉದ್ಘಾಟನೆ ಬಾಕಿ’ ಎಂದು ದಾಖಲಿಸಲಾಯಿತು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅನುಕಂಪದ ನೇಮಕ ಎಂಬ ನಿಯಮದಿಂದ ಉದ್ಭವಿಸಬಹುದಾಗಿದ್ದ ಮೊಕದ್ದಮೆಯೂ ಇದರಿಂದ ತಪ್ಪಿತು.

ಎರಡನೆಯ ಮೊಟ್ಟೆಯು ಶ್ರಾವಣದಲ್ಲಿ ಬಂದ ತಿಂಗಳ ಎರಡನೇ ಶನಿವಾರ, ಸುತ್ತೋಲೆಯನ್ನು ಉಲ್ಲಂಘಿಸಿ ಒಡೆಯಿತು.

ರಜೆಯಾದ್ದರಿಂದ ಶಿವರಂಜನಿ ಮನೆಯಲ್ಲಿದ್ದರು. ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ಡಬ್ಬಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದರು. ಚಿಪ್ಪು ಬಿರುಕು ಬಿಟ್ಟು, ಮೂಗು ಹೊರಗೆ ಬಂದು, ಅಲ್ಲಿಯೇ ನಿಂತು ವಿಶ್ರಾಂತಿ ಪಡೆಯಿತು. ಬಳಿಕ ಉಳಿದದ್ದೆಲ್ಲ ಒಂದೇ ಸಲಕ್ಕೆ ಜಾರಿ ಬಂತು. ಮೈಯೊಳಗಿನದು ಕಾಣುವಷ್ಟು ತೆಳುವಾದ ಮರಿ; ಕಣ್ಣು ಮಾತ್ರ ದೊಡ್ಡದು.

“ಯಾರದು ಇದು?” ಗಾನವಿ ಪಿಸುಗುಟ್ಟಿತು.

“ಆಫೀಸಿಂದು ಪುಟ್ಟ.”

“ಇದೇನಾ ಆಫೀಸು?”

“ಹೂಂ ಅನ್ಕೋ.”

“ನೀವು ದಿನಾ ಬಸ್ಸಲ್ಲಿ ಇದ್ರ ಹತ್ರಾನಾ ಹೋಗೋದು?” ಮಗು ಸ್ವಲ್ಪ ಯೋಚಿಸಿತು. “ಈಗ ಇದು ಇಲ್ಲೇ ಬಂತಲ್ಲ. ಇನ್ನು ನೀವು ಹೋಗಬೇಡಿ ಆಂಟಿ.”

ತಾಯಿಗೂ ಮಗಳಿಗೂ ಅದುವರೆಗೆ ನಡೆದಿದ್ದ ಮಾತುಕತೆಗಳಲ್ಲಿ ಇದೇ ದೀರ್ಘವಾದದ್ದು. ಶಿವರಂಜನಿ ಉತ್ತರಿಸಲು ಮುಖ ತಿರುಗಿಸಿದರು. ಅಷ್ಟರಲ್ಲಿ ಮರಿಯು ಡಬ್ಬಿಯಿಂದ ಹೊರಬಿದ್ದು ಗೋಡೆ ಹತ್ತಿತು. ಶಿವರಂಜನಿ ಹಿಡಿಯಲು ಹೋದರು. ಬಾಲ ಕೈಗೆ ಬಂತು. ಮರಿ ಹಂಡೆಯ ಹಿಂದೆ ಹೋ‌ಯಿತು.

ಸೋಮವಾರ ಬೆಳಿಗ್ಗೆ ಅವರು ಬಾಲವನ್ನು ಲಕೋಟೆಯಲ್ಲಿಟ್ಟು ಕಚೇರಿಗೆ ಒಪ್ಪಿಸಿದರು.

“ಉಳಿದ ಭಾಗ?” ಎಂದರು ಪುಟ್ಟಬಸವಯ್ಯ.

“ಹಂಡೆ ಹಿಂದೆ ಇದೆ ಸರ್. ಜೀವಸಹಿತ ಇದೆ.”

“ಭಾಗಶಃ ಪ್ರಭಾರ ಒಪ್ಪಿಕೊಳ್ಳೋ ಹಾಗಿಲ್ಲ ತಾಯಿ. ಸಿಬ್ಬಂದಿಯ ಅಂಗಹಾನಿ ಬೇರೆ ಆಗಿದೆ.”

ಬಾಲದ ಬಗ್ಗೆ ಕಾರಣ ಕೇಳಿ ನೋಟಿಸು ಜಾರಿಯಾಯಿತು. ಬಾಲವು ಪುನಃ ಬೆಳೆಯುತ್ತದೆ ಎಂದು ಶಿವರಂಜನಿ ಲಿಖಿತ ಹೇಳಿಕೆ ಕೊಟ್ಟರು. ಹೇಳಿಕೆಯನ್ನು ಒಪ್ಪಲಾಯಿತು, ಬೆಳೆಯುವವರೆಗೆ ಬಿಡುಗಡೆಯನ್ನು ತಡೆಹಿಡಿಯಲಾಯಿತು. ಬಾಲ ಬೆಳೆಯಿತು. ಮರಿ ಕೈಗೆ ಸಿಗಲಿಲ್ಲ. ಅದು ಬಚ್ಚಲುಮನೆಯ ಗೋಡೆಯ ಮೇಲೆ ಸೊಳ್ಳೆ, ಜಿರಳೆಮರಿ ತಿಂದುಕೊಂಡು ದೊಡ್ಡದಾಯಿತು. ಗಾನವಿ ಅದನ್ನು ‘ಆಫೀಸು’ ಎಂದೇ ಕರೆಯುತ್ತಿತ್ತು. “ಆಫೀಸು ಇವತ್ತು ಚಿಟ್ಟೆ ತಿಂತು” ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿತ್ತು. ಶಿವರಂಜನಿ ಎಂದಿನಂತೆ ಮಗು ಏಳುವ ಮೊದಲು ಬಸ್ಸು ಹತ್ತುತ್ತಿದ್ದರು.

ಬಿಲ್ಲುಗಳು ಬಾಕಿ ಬಿದ್ದು ಗುತ್ತಿಗೆದಾರರು ಕಂಗಾಲಾದರು. ಮರು ವರ್ಷದ ಬೇಸಿಗೆಯ ಹೊತ್ತಿಗೆ ಮರಿ ಲೊಚಗುಟ್ಟಲು ಕಲಿತಿದೆ ಎಂಬ ಸುದ್ದಿ ನರಸೀಪುರ ಮುಟ್ಟಿತು. ಹಲ್ಲಿ ಕಚೇರಿಗೆ ಬಾರದಿದ್ದರೆ ಕಚೇರಿಯೇ ಹಲ್ಲಿಯ ಬಳಿಗೆ ಹೋಗಬಹುದೆಂದು ಪುಟ್ಟಬಸವಯ್ಯನವರು ಆದೇಶಿಸಿ, ಶಿವರಂಜನಿಯವರ ಬಚ್ಚಲುಮನೆಯಲ್ಲಿ ಒಂದು ದಿನದ ಶಿಬಿರ ಏರ್ಪಡಿಸಿದರು. ತಾವು ಸ್ನಾನದ ಮಣೆಯ ಮೇಲೆ ಕುಳಿತರು. ಮಾದಪ್ಪ ಬಕೆಟ್ಟನ್ನು ಬೋರಲು ಹಾಕಿ ಕುಳಿತ. ದೇವಯ್ಯ ಶಾಯಿಪ್ಯಾಡ್ ಹಿಡಿದು ನಿಂತ. ಶಿವರಂಜನಿ ಬಾಗಿಲಲ್ಲಿದ್ದರು. ಇಂದು ಹಲ್ಲಿ ನುಡಿದರೆ ಅದು ಕರ್ತವ್ಯಕ್ಕೆ ಹಾಜರಾದಂತೆ, ಹಾಜರಾದರೆ ಪ್ರಭಾರ ಒಪ್ಪಿಸಿದಂತೆ, ಒಪ್ಪಿಸಿದರೆ ಬಿಡುಗಡೆ.

ಮೊದಲು ಒಂದು ಹಳೆಯ ಕಾಮಗಾರಿಯನ್ನು ಹೇಳಿ ನೋಡೋಣವೆಂದು ತೀರ್ಮಾನವಾಯಿತು.

“ಸೋಸಲೆ ಬಸ್ ತಂಗುದಾಣ ಪೂರ್ತಿ ಆಗದೆ ಸಾ,” ಎಂದ ಮಾದಪ್ಪ.

ಪುಟ್ಟಬಸವಯ್ಯನವರು ಸೀಲು ಕುಟ್ಟಿದರು. ಹಲ್ಲಿ ಸುಮ್ಮನಿತ್ತು. ಮತ್ತೆ ಕುಟ್ಟಿದರು. ಸುಮ್ಮನಿತ್ತು. ಮೂರನೆಯ ಬಾರಿ ಕುಟ್ಟಿದ್ದಕ್ಕೆ ಪ್ಯಾಡಿನ ಶಾಯಿ ಅವರ ಅಂಗಿಗೆ ಹಾರಿತು. ಹಲ್ಲಿ ತಲೆಯನ್ನು ಆ ಕಡೆಗೆ ತಿರುಗಿಸಿತು.

ಅಷ್ಟರಲ್ಲಿ ಸಿದ್ದಲಿಂಗಮ್ಮನವರು ತಾಮ್ರದ ಚೊಂಬು ಹಿಡಿದು ಒಳಗೆ ಬಂದರು.

“ಯಾವ ತಂಗುದಾಣ? ನಮ್ಮ ಸೋಸಲೆದಾ?” ಹಂಡೆಯಿಂದ ನೀರು ತೋಡಿದರು. “ಹೋದ ತಿಂಗಳು ನಮ್ಮ ಅಕ್ಕನ ಮನೆಗೆ ಹೋಗಿ ಬಸ್ಸಿಗೆ ಕಾದಿವ್ನಿ. ಬಿಸಿಲಲ್ಲಿ ತಲೆ ಸುಟ್ಟೋಯ್ತು. ಅಲ್ಲಿ ತಂಗುದಾಣನೂ ಇಲ್ಲ ಪಂಗುದಾಣನೂ ಇಲ್ಲ. ಎಕ್ಕದ ಗಿಡ ಅದೆ.”

ಹೀಗೆಂದು ಚೊಂಬನ್ನು ಹಂಡೆಯ ಮುಚ್ಚಳದ ಮೇಲೆ ಠಣ್ಣನೆ ಇಟ್ಟರು.

ಹಲ್ಲಿ ಲೊಚಗುಟ್ಟಿತು.

ಮೊಟ್ಟೆಯಲ್ಲಿದ್ದಾಗಿನಿಂದ ಅದು ಪ್ರತಿ ಬೆಳಗ್ಗೆ ಕೇಳಿದ್ದು ಚೊಂಬಿನ ಆ ಸದ್ದನ್ನೇ. ಆದರೆ ಮೇಲೆ ತಿಳಿಸಿದಂತೆ, ಅದನ್ನು ಹೇಳುವ ಹುದ್ದೆ ಮಂಜೂರಾಗಿರಲಿಲ್ಲ. ಎಲ್ಲರೂ ಕೈಗೆ ಸಿಕ್ಕಿದ್ದನ್ನು ತಟ್ಟಿ “ಶಿವ ಶಿವ” ಎಂದರು. ಮಾದಪ್ಪನೂ ತಾನು ಕುಳಿತಿದ್ದ ಬಕೆಟ್ಟನ್ನು ತಟ್ಟಿದ. ತಟ್ಟಿದ ಮೇಲೆ ಅವನ ಮುಖ ಬಿಳಿಚಿತು.

ಪುಟ್ಟಬಸವಯ್ಯನವರು ದೀರ್ಘವಾಗಿ ಆಲೋಚಿಸಿದರು.

“ತಂಗುದಾಣ ಪೂರ್ಣಗೊಂಡಿದೆ ಅಂತ ಇದರ ತಾಯಿ ಹೇಳಿದೆ. ಅದು ನಿಜ. ತಂಗುದಾಣ ಇಲ್ಲ ಅಂತ ಇದು ಹೇಳ್ತಾ ಇದೆ. ಇದೂ ನಿಜ. ಹಾಗಾದರೆ ನಡುವೆ ಏನಾಯ್ತು ಮಾದಪ್ಪ?”

ಮಾದಪ್ಪನ ಮುಖಕ್ಕೆ ರಕ್ತ ಮರಳಿತು. “ಬಿದ್ದೋಯ್ತು ಅನ್ನಿ ಸಾ! ಗಾಳಿ ಬೀಸ್ತಲ್ಲಾ ಓದ್ ವರ್ಸ.”

“ಬಿದ್ದ ಇಟ್ಟಿಗೆ, ಕಲ್ಲು? ಒಂದೂ ಇಲ್ಲವಂತಲ್ಲ.”

“ನಾನೇ ತಗ್ಸ್‌ಬುಟ್ಟೆ ಸಾ. ಜನ ಎಡವ್‌ಬಾರ್ದಲ್ಲ.”

ಇದರ ಪರಿಣಾಮವಾಗಿ, ಬಿದ್ದ ತಂಗುದಾಣದ ಅವಶೇಷಗಳನ್ನು ಸ್ವಂತ ಖರ್ಚಿನಲ್ಲಿ ತೆರವುಗೊಳಿಸಿದ್ದಕ್ಕಾಗಿ ಮಾದಪ್ಪನಿಗೆ ಬಿಲ್ಲು ಮಂಜೂರಾಯಿತು. ಅದೇ ಸ್ಥಳದಲ್ಲಿ ಹೊಸ ತಂಗುದಾಣ ಕಟ್ಟುವ ಗುತ್ತಿಗೆಯೂ, ಸ್ಥಳದ ಪರಿಚಯವಿರುವ ಕಾರಣ, ಅವನಿಗೇ ದೊರೆಯಿತು. ಸೋಸಲೆಯ ಎಕ್ಕದ ಗಿಡದ ಬಗ್ಗೆ ಪ್ರತ್ಯೇಕ ಪತ್ರವ್ಯವಹಾರ ನಡೆಯಿತು. ಅದನ್ನು ಪ್ರಯಾಣಿಕರಿಗೆ ತಾತ್ಕಾಲಿಕ ನೆರಳು ಎಂದು ಪರಿಗಣಿಸಲಾಯಿತು.

“ಸರ್, ಅದು ಕರ್ತವ್ಯಕ್ಕೆ ಹಾಜರಾಯ್ತಲ್ಲ,” ಎಂದರು ಶಿವರಂಜನಿ. “ನನ್ನ ಬಿಡುಗಡೆ?”

“ಬಿಡುಗಡೆ ಯಾಕೆ ತಾಯಿ? ನಿಮಗೆ ಬೇಕಾದ್ದು ನಂಜನಗೂಡು ತಾನೇ?”

ಹಲ್ಲಿಯು ಬೇರೆಡೆಗೆ ಬರಲು ಒಪ್ಪದ ಕಾರಣ, ಕಾಮಗಾರಿ ಪೂರ್ಣತಾ ದೃಢೀಕರಣ ಕಚೇರಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ನಂಜನಗೂಡಿಗೆ, ಶ್ರೀಮತಿ ಶಿವರಂಜನಿಯವರ ಮನೆಗೆ ಸ್ಥಳಾಂತರಿಸಲಾಯಿತು. ಬಚ್ಚಲುಮನೆ ದೃಢೀಕರಣ ಕೊಠಡಿಯಾಯಿತು. ನಡುಮನೆಯಲ್ಲಿ ಕಡತಗಳನ್ನು ಇಡಲಾಯಿತು. ಜೀಪನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆತಂದು ಅಂಗಳದಲ್ಲಿ ನಿಲ್ಲಿಸಲಾಯಿತು. ಅಮೃತೇಶ್ ಅದಕ್ಕೊಂದು ಚಕ್ರ ಹಾಕಿಕೊಡುತ್ತೇನೆಂದಾಗ, ಚಕ್ರವು ದಾಖಲೆಯ ಪ್ರಕಾರ ಈಗಾಗಲೇ ಇರುವುದರಿಂದ ಹೆಚ್ಚುವರಿ ಚಕ್ರಕ್ಕೆ ಅವಕಾಶವಿಲ್ಲವೆಂದು ತಿಳಿಸಲಾಯಿತು. ಶಿವರಂಜನಿಯವರ ವರ್ಗಾವಣೆಯು ಹೀಗೆ ನೆರವೇರಿತು. ಅಡುಗೆಮನೆಯಿಂದ ಬಚ್ಚಲುಮನೆಗೆ ಇರುವ ದೂರಕ್ಕೆ ಪ್ರಯಾಣಭತ್ಯೆ ಸಲ್ಲುವುದಿಲ್ಲ ಎಂಬ ಷರತ್ತು ಮಾತ್ರ ಇತ್ತು.

ಕೆಲಸ ಚುರುಕಾಗಿ ಸಾಗಿತು. ಸಿದ್ದಲಿಂಗಮ್ಮನವರು ನೀರು ತೋಡುವ ಹೊತ್ತಿಗೆ ಹೇಳಿದ ಮಾತುಗಳು ಹೆಚ್ಚಾಗಿ ನಿಜವಾಗುತ್ತವೆ ಎಂಬುದನ್ನು ಗುತ್ತಿಗೆದಾರರು ಬೇಗನೆ ಗಮನಿಸಿದರು. ಅವರಿಗೆ ನೀರು ಕಾಯಿಸಲು ಸೌದೆಯ ಕೊರತೆ ಬಾರದಂತೆ ನೋಡಿಕೊಂಡರು. ಹೆಮ್ಮರಗಾಲದ ಮೋರಿ, ಹದಿನಾರು ಗ್ರಾಮದ ಸಮುದಾಯ ಭವನ ಒಂದೇ ಬೆಳಗಿನಲ್ಲಿ ಪೂರ್ಣಗೊಂಡವು. ಸಿದ್ದಲಿಂಗಮ್ಮನವರು ಅವನ್ನು ನೋಡಿರಲಿಲ್ಲ; ಆ ಕಡೆ ಅವರಿಗೆ ನೆಂಟರಿರಲಿಲ್ಲ.

ಗುತ್ತಿಗೆದಾರರು ಬೆಳಕು ಹರಿಯುವ ಮೊದಲೇ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ರಾತ್ರಿ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಮನೆಯವರು ಸ್ನಾನಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕಿತ್ತು. ಕಚೇರಿ ಬೇರೆ ಊರಲ್ಲಿದ್ದಾಗ ಶಿವರಂಜನಿಯವರಿಗೆ ಮಗುವಿನೊಂದಿಗೆ ಭಾನುವಾರಗಳಾದರೂ ಇದ್ದವು. ಈಗ ಇಡೀ ದಿನ ಮಗು ಅವರ ಕಣ್ಣೆದುರಿಗೇ ಇರುತ್ತಿತ್ತು, ಕಡತಗಳ ಆಚೆಗೆ. ಮನೆಗೆ ಬಂದವರೆಲ್ಲ ಕರೆಯುವುದನ್ನು ಕೇಳಿ ಅದು ‘ಬಸ್ ಆಂಟಿ’ ಎನ್ನುವುದನ್ನು ಬಿಟ್ಟಿತು. ಅವರನ್ನು ‘ಮೇಡಂ’ ಎಂದು ಕರೆಯಲಾರಂಭಿಸಿತು.

ಒಂದು ಸಂಜೆ ಗೆಜ್ಜೆ ಕಟ್ಟಿಸಿಕೊಳ್ಳಲು ಬಂದ ಮಗು, ಬಾಗಿಲಲ್ಲಿ ನಿಂತು ಕೇಳಿತು: “ಒಳಗೆ ಬರಬಹುದಾ ಮೇಡಂ?”

ಮರುದಿನ ಬೆಳಿಗ್ಗೆ ಶಿವರಂಜನಿ ಅರ್ಜಿ ಬರೆದರು. ದೃಢೀಕರಣ ಕೊಠಡಿಯಲ್ಲಿ, ಸ್ನಾನದ ಮಣೆಯ ಮೇಲೆ ಕುಳಿತಿದ್ದ ಪುಟ್ಟಬಸವಯ್ಯನವರ ಎದುರು ಅದನ್ನು ತಾವೇ ಓದಿದರು.

“ತಿರುಮಕೂಡಲು ನರಸೀಪುರದ ಯಾವುದಾದರೂ ಕಚೇರಿಗೆ ನನ್ನನ್ನು ವರ್ಗ ಮಾಡಬೇಕೆಂದು ಕೋರುತ್ತೇನೆ. ಕಾರಣ: ಮಗಳೊಂದಿಗೆ ಇರುವ ಸಲುವಾಗಿ.”

ಸಿದ್ದಲಿಂಗಮ್ಮನವರು ಒಲೆಯ ಬಳಿಯಲ್ಲಿದ್ದರು. ಸೊಸೆಯ ಮುಖವನ್ನು ಒಮ್ಮೆ ನೋಡಿದರು. ಹಂಡೆಯಲ್ಲಿ ನೀರು ಇನ್ನೂ ಕಾದಿರಲಿಲ್ಲ. ತೋಡುವ ಅಗತ್ಯವೂ ಇರಲಿಲ್ಲ. ಆದರೂ ಚೊಂಬನ್ನು ಎತ್ತಿ ಮುಚ್ಚಳದ ಮೇಲೆ ಠಣ್ಣನೆ ಇಟ್ಟರು.

ಹಲ್ಲಿ ಲೊಚಗುಟ್ಟಿತು. ಪುಟ್ಟಬಸವಯ್ಯ, ಮಾದಪ್ಪ, ದೇವಯ್ಯ, ಸರದಿಯಲ್ಲಿ ಕಾದಿದ್ದ ಗುತ್ತಿಗೆದಾರರು ಎಲ್ಲರೂ ತಟ್ಟಿದರು. ಗಾನವಿಯೂ ತನ್ನ ಪುಟ್ಟ ಬೆರಳ ಗೆಣ್ಣಿನಿಂದ ಹೊಸಿಲು ತಟ್ಟಿ “ಶಿವ ಶಿವ” ಎಂದಿತು.

“ನಿಜ,” ಎಂದರು ಪುಟ್ಟಬಸವಯ್ಯ. “ಕಾರಣ ಸಂಪೂರ್ಣ ನಿಜ. ಒಪ್ಪಿಗೆ ಕೊಟ್ಟೆ. ಪ್ರಭಾರ ಒಪ್ಪಿಸಿ ಹೊರಡಬಹುದು.”

“ಪ್ರಭಾರದಲ್ಲಿ ಈಗ ಏನೂ ಬಾಕಿ ಇಲ್ಲ ಸರ್.”

ದೇವಯ್ಯ ಅಷ್ಟರಲ್ಲಿ ಸೌದೆ ಜೋಡಿಸಲು ಹಂಡೆಯ ಹಿಂದಕ್ಕೆ ಬಗ್ಗಿದ್ದ. ಅಲ್ಲಿಂದಲೇ ಕೂಗಿದ: “ಸಾ, ಇಲ್ಲಿ ಎರಡು ಮೊಟ್ಟೆ ಅವೆ.”

ಯಾರೂ ಆಶ್ಚರ್ಯಪಡಲಿಲ್ಲ. ಪುಟ್ಟಬಸವಯ್ಯನವರು ಹಳೆಯ ಸುತ್ತೋಲೆಯಲ್ಲಿ ದಿನಾಂಕವನ್ನು ಮಾತ್ರ ತಿದ್ದಿದರು. ಮಾದಪ್ಪ ಸಿಹಿ ತರಲು ಎದ್ದ. ಸಿದ್ದಲಿಂಗಮ್ಮನವರು ಅಡುಗೆಮನೆಗೆ ಹೋಗಿ ಕಾಫಿಪುಡಿಯ ಡಬ್ಬಿಯನ್ನು ತೊಳೆದು ತಂದರು. ಶಿವರಂಜನಿ ಅದನ್ನು ತೆಗೆದುಕೊಂಡು ಸೀರೆಯ ಸೆರಗಿನಿಂದ ಒರೆಸಿದರು.

“ಮರಳು ತರೋದಕ್ಕೆ ನಾನೂ ಹೊಳೆಗೆ ಬರಲಾ ಮೇಡಂ?” ಎಂದು ಗಾನವಿ ಕೇಳಿತು.

ಕಚೇರಿಯ ಕೆಲಸವಾದ್ದರಿಂದ ಅನುಮತಿ ನೀಡಲಾಯಿತು.